ಡೇಟ್ ಖಾಲಿ ಇಲ್ಲ

ನಮ್ಮ ಅಡ್ಡರಸ್ತೆಯ ಬೇಕರಿಯ ಷಟರ್ ಮೇಲೆ ಕಳೆದ ಮಂಗಳವಾರದಿಂದ ಒಂದು ಫ್ಲೆಕ್ಸ್ ನೇತಾಡುತ್ತಿದೆ. ಮೇಲೆ ‘ಭಾವಪೂರ್ಣ ಶ್ರದ್ಧಾಂಜಲಿ’, ಎರಡೂ ಕಡೆ ದೀಪ, ನಡುವೆ ಆ ಬೇಕರಿ ನಡೆಸುತ್ತಿದ್ದ ಮಾಸ್ಟರ್ ಮುಖ. ಆ ಮನುಷ್ಯ ಫೋಟೋಗೆ ನಿಂತವರೇ ಅಲ್ಲ. ಯಾವುದೋ ಛತ್ರದಲ್ಲಿ ಕೇಕಿನ ಪಕ್ಕ ಸಿಕ್ಕಿಬಿದ್ದದ್ದನ್ನು ಕತ್ತರಿಸಿ ಹಾಕಿದ್ದಾರೆ. ಭುಜದ ಹತ್ತಿರ ಗುಲಾಬಿ ಬಣ್ಣದ ಕ್ರೀಮಿನ ಒಂದು ತುಂಡು ಉಳಿದುಕೊಂಡಿದೆ. ಕಣ್ಣು ಕ್ಯಾಮೆರಾ ಕಡೆಗಿಲ್ಲ, ಕೆಳಗೆ, ಎಡಕ್ಕಿದೆ. ದಾರಿಯಲ್ಲಿ ಹೋಗುವವರು, ಪಾಪ, ನಾಚಿಕೆಯ ಮನುಷ್ಯ ಅಂದುಕೊಳ್ಳಬಹುದು. ಅವರು ನೋಡುತ್ತಿದ್ದದ್ದು ಏನನ್ನು ಅಂತ ನನಗೆ ಗೊತ್ತು. ಮದುವಣಗಿತ್ತಿಯ ಕೈಯನ್ನು.

ಹಾಸನದಲ್ಲಿ ಬೇಕರಿಗೇನು ಬರವಿಲ್ಲ. ಬೆಂಗಳೂರಿನ ಎಷ್ಟೋ ಬೇಕರಿಗಳ ಬುಡ ಕೆದಕಿದರೆ ನಮ್ಮ ಜಿಲ್ಲೆಯ ಯಾವುದಾದರೂ ಹಳ್ಳಿಯ ಹೆಸರು ಸಿಗುತ್ತದೆ. ಇವರು ಮಾತ್ರ ಕೊರವಂಗಲದ ಕಡೆಯಿಂದ ಹೊರಟವರು ಹಾಸನ ದಾಟಲಿಲ್ಲ. ಒಣಕಲು ಮೈ, ಮೊಣಕೈವರೆಗೆ ಬಿಸಿ ಟ್ರೇ ತಾಗಿದ ಸುಟ್ಟ ಗೆರೆಗಳು, ಹುಬ್ಬಿನ ಮೇಲೆ ಸದಾ ಮೈದಾ. ಓವನ್ ಮೇಲ್ಗಡೆ ಒಂದು ಬುದ್ಧನ ಪಟ. ಅವರ ಮನೆಯಲ್ಲಿ ಒಂದು ಲೋಟ ನೀರು ಕುಡಿಯಲು ನೂರು ಯೋಚನೆ ಮಾಡುವ ನಮ್ಮ ಜನ, ಅವರ ಕೈಯ ಕೇಕನ್ನು ಮಾತ್ರ ಬೆರಳು ನೆಕ್ಕಿಕೊಂಡು ತಿನ್ನುತ್ತಿದ್ದರು. ಕೇಕಿಗೆ ಮೈಲಿಗೆ ಇಲ್ಲ ಅಂತ ಯಾವ ಶಾಸ್ತ್ರದಲ್ಲಿ ಬರೆದಿದೆಯೋ ಕಾಣೆ. ಇದನ್ನು ಅವರ ಮುಂದೆಯೇ ಅಂದಿದ್ದೆ. ಅವರು ಬನ್ನು ಕಟ್ಟುತ್ತಾ, “ಮೈದಾ ಬಿಳೀದಲ್ವಾ ಮೇಡಂ, ಏನೂ ಕಾಣ್ಸಲ್ಲ” ಅಂದರು.

ನಾನು ಸರ್ಕಾರಿ ಹೈಸ್ಕೂಲಿನ ಟೀಚರು. ಶಾಲೆ ಬಿಟ್ಟು ಮನೆಗೆ ಹೋಗುವ ದಾರಿಯಲ್ಲಿ ಅವರ ಅಂಗಡಿ. ಹದಿನಾಲ್ಕು ವರ್ಷ ಬ್ರೆಡ್ಡಿನ ನೆಪದಲ್ಲಿ ಅಲ್ಲಿ ನಿಂತಿದ್ದೇನೆ. ಬ್ರೆಡ್ಡಿಗಿಂತ ಹೆಚ್ಚಾಗಿ ನನಗೆ ನೋಡಬೇಕಿದ್ದದ್ದು ಅವರು ಮದುವೆ ಕೇಕಿನ ಆರ್ಡರ್ ತೆಗೆದುಕೊಳ್ಳುವ ರೀತಿ.

ಈಗ ನಮ್ಮ ಕಡೆ ಆರತಕ್ಷತೆಗೆ ಕೇಕ್ ಇಲ್ಲದಿದ್ದರೆ ಮದುವೆಯೇ ಅಲ್ಲ ಅನ್ನುವ ಹಾಗಾಗಿದೆ. ಚನ್ನರಾಯಪಟ್ಟಣದಲ್ಲಾಗಲಿ ಅರಕಲಗೂಡಿನಲ್ಲಾಗಲಿ ಛತ್ರ ಬುಕ್ ಮಾಡಿದ ಮರುದಿನವೇ ಜನ ಕೇಕ್ ಹುಡುಕಿಕೊಂಡು ಹೊರಡುತ್ತಾರೆ. ಮಾಸ್ಟರದ್ದು ಒಂದೇ ಕಾನೂನು: ಹೆಣ್ಣು ತಾನೇ ಬರಬೇಕು. ಬಂದರೆ ಅವಳಿಗೆ ಒಳಗೆ ಒಂದು ಸ್ಟೂಲು. ಅಪ್ಪ, ಅಮ್ಮ, ಚಿಕ್ಕಪ್ಪ, ಎಲ್ಲರೂ ಕೌಂಟರಿನ ಆಚೆ. ಅವಳ ಮುಂದೆ ಮೂರು ಸ್ಟೀಲ್ ಬಟ್ಟಲು, ಮೂರು ತರದ ಕ್ರೀಮು, ಒಂದು ಚಮಚ. “ತಿಂದ್ ನೋಡವ್ವ. ಯಾವ್ದು ಬೇಕು, ನೀನೇ ಅನ್ನು.” ಆಚೆಯಿಂದ ಯಾರಾದರೂ ಬಾಯಿ ಹಾಕಿದರೆ, “ನಿಮ್ ಮದ್ವೆಲಿ ನಿಮ್ಮನ್ನ ಕೇಳ್ತೀನಿ ಬನ್ನಿ ಸಾ” ಅನ್ನುತ್ತಿದ್ದರು. ಮೊಟ್ಟೆ ಹಾಕುತ್ತೀಯಾ ಅಂತ ಕೇಳಿದ ಅಜ್ಜಿಯೊಬ್ಬರಿಗೆ, “ಸನಿವಾರ ಆಕಲ್ಲ ಅಜ್ಜಿ. ಬಾನುವಾರ ಆದ್ರೆ ನೀವು ಕೇಳ್ಬ್ಯಾಡಿ, ನಾನು ಅನ್ನಲ್ಲ” ಅಂದಿದ್ದರು.

ಹುಡುಗಿ ಚಮಚ ಮುಟ್ಟದಿದ್ದರೆ, ‘ಯಾವ್ದಾದ್ರೂ ಆಗುತ್ತೆ’ ಅಂತ ನೆಲ ನೋಡಿದರೆ, ಮಾಸ್ಟರ್ ಎದ್ದು ಹೋಗಿ ಗಲ್ಲಾದ ಕೆಳಗಿನ ಡೈರಿ ತೆಗೆಯುತ್ತಿದ್ದರು. ಬೆರಳಿಗೆ ಎಂಜಲು ಹಚ್ಚಿ ಹಾಳೆ ತಿರುವಿ, ತುಂಬಾ ಬೇಸರದಿಂದ, “ಡೇಟ್ ಖಾಲಿ ಇಲ್ಲ” ಅನ್ನುತ್ತಿದ್ದರು. ಬೂವನಹಳ್ಳಿ ಕಡೆಯ ಕಂಟ್ರಾಕ್ಟರೊಬ್ಬರು ಮೊಬೈಲಿನಲ್ಲಿ ಐದಂತಸ್ತಿನ ಕೇಕ್ ತೋರಿಸಿ, ಇಂಥದ್ದೇ ಬೇಕು ಅಂದಾಗಲೂ ಇದೇ ಆಯಿತು.

“ಹುಡ್ಗಿ ಎಲ್ಲಿ ಸಾ?”

“ಅವ್ಳಿಗೇನ್ ಗೊತ್ತಾಯ್ತದೆ ಕಣಯ್ಯ, ಮದ್ವೆ ಮಾಡೋನು ನಾನು.”

“ಆಗೋಳು ಅವ್ಳಲ್ವಾ ಸಾ. ಡೇಟ್ ಖಾಲಿ ಇಲ್ಲ.”

ಅವತ್ತು ನಾನು ಕತ್ತು ಚಾಚಿ ಡೈರಿ ನೋಡಿದೆ. ಆ ತಿಂಗಳಿಡೀ ಹಾಳೆಗಳು ಬೆಳ್ಳಗಿದ್ದವು.

“ಮಾಸ್ಟರೇ, ನೀವು ಕೇಕ್ ಮಾರ್ತೀರೋ, ಹೆಣ್ಣು ನೋಡೋ ಶಾಸ್ತ್ರ ಮಾಡ್ತೀರೋ?” ಅಂತ ರೇಗಿಸಿದೆ. ಅವರು ನಗಲಿಲ್ಲ. ಕೈ ಒರೆಸಿಕೊಂಡು ಒಂದು ಕಥೆ ಹೇಳಿದರು. ಬಹಳ ವರ್ಷಗಳ ಹಿಂದೆ ಅರಕಲಗೂಡಿನ ಛತ್ರಕ್ಕೆ ಕೇಕ್ ಒಯ್ದಿದ್ದರಂತೆ. ಆಗ ಬಾಡಿಗೆಗೆ ಒಂದು ಸ್ಟೀಲ್ ಚಾಕು ಕೊಡುತ್ತಿದ್ದರು, ಹಿಡಿಗೆ ರಿಬ್ಬನ್ ಕಟ್ಟಿ. ಅದನ್ನು ವಾಪಸ್ ತರಬೇಕಿದ್ದರಿಂದ ಕೇಕ್ ಕುಯ್ಯುವ ತನಕ ಪಕ್ಕದಲ್ಲೇ ನಿಂತಿದ್ದರು. ಹುಡುಗಿಯ ಕೈ ಕೆಳಗೆ, ಗಂಡಿನ ಕೈ ಮೇಲೆ. ಕೆಳಗಿನ ಕೈ ಚಾಕು ಹಿಡಿದೇ ಇರಲಿಲ್ಲ. ಯಾರೋ ಅತ್ತಿಗೆ ಬಂದು ಬೆರಳು ಮಡಿಸಿ ಹಿಡಿಸಿದರು. ಫೋಟೋದವನು ಇನ್ನೊಂದ್ಸಲ ಅಂದ. ಆ ಕೈ ಎಷ್ಟು ನಡುಗುತ್ತಿತ್ತೆಂದರೆ ರಿಬ್ಬನ್ನಿನ ತುದಿ ಅಲ್ಲಾಡುತ್ತಿತ್ತಂತೆ.

“ನಮ್ ಕಡೆ ಆರತಕ್ಸತೆ ಹಿಂದಿನ್ ದಿನ ಸಂಜೆ ಅಲ್ವಾ ಮೇಡಂ, ಮೂರ್ತ ಬೆಳಿಗ್ಗೆ. ಕೇಕ್ ಕುಯ್ಯೋವಾಗ ಕತ್ತಿಗೆ ತಾಳಿ ಬಿದ್ದಿರಲ್ಲ. ಮಧ್ಯೆ ಒಂದ್ ರಾತ್ರಿ ಇರ್ತದೆ. ನಾನ್ ಏನ್ ಮಾಡ್ದೆ? ಚಾಕು ತೊಳ್ಕಂಡು ಮನೆಗ್ ಬಂದ್ ಮಲಿಕಂಡೆ.”

ಒಂದೂವರೆ ತಿಂಗಳಿಗೆ ಆ ಹುಡುಗಿ ಕೆರೆಯಲ್ಲಿ ಸಿಕ್ಕಳಂತೆ. ಅವತ್ತಿನಿಂದ ಅವರು ಕೊಡುತ್ತಿದ್ದದ್ದು ಪ್ಲಾಸ್ಟಿಕ್ ಚಾಕು. ಅದನ್ನು ವಾಪಸ್ ತರಬೇಕಾಗಿಲ್ಲ. ಆದರೂ ಕೇಕ್ ಕುಯ್ಯುವವರೆಗೆ ಅವರು ಛತ್ರ ಬಿಟ್ಟು ಕದಲುತ್ತಿರಲಿಲ್ಲ. ಕಥೆ ಕೇಳಿ ನಾನು ಬ್ರೆಡ್ ತೆಗೆದುಕೊಂಡು ಮನೆಗೆ ಬಂದೆ. ಪಾಪ, ಎಷ್ಟು ಸೂಕ್ಷ್ಮದ ಮನುಷ್ಯ ಅಂತ ಮೆಚ್ಚಿಕೊಂಡೆ. ಬೇರೆಯವರ ಮನೆ ಹುಡುಗಿಯಾದರೆ ಮೆಚ್ಚಿಕೊಳ್ಳುವುದು ಸುಲಭ.

ನಮ್ಮದು ಹೊಳೆನರಸೀಪುರ ತಾಲೂಕು, ಹಳ್ಳಿಮೈಸೂರಿನ ಹತ್ತಿರ. ಅಪ್ಪ ತೀರಿಕೊಂಡಾಗ ಅಣ್ಣ ಓದು ಬಿಟ್ಟು ಗದ್ದೆಗೆ ಇಳಿದ, ನಾನು ಓದಿ ಟೀಚರಾದೆ. ಅಣ್ಣನಿಗೆ ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳು ಸಿಂಚನ ಪಿಯುಸಿ ಓದಲು ಹಾಸನಕ್ಕೆ ಬಂದು ನನ್ನ ಮನೆಯಲ್ಲೇ ಇದ್ದಳು. ಮಕ್ಕಳಿಲ್ಲದ ನನಗೆ ಅವಳ ಹುಟ್ಟಿದ ಹಬ್ಬ ಅಂದರೆ ಜಾತ್ರೆ. ದೀಪಾವಳಿ ಮುಗಿದು ಹದಿನೈದು ದಿನಕ್ಕೆ ಬರುತ್ತಿತ್ತು. ಸೆಕೆಂಡ್ ಪಿಯುಸಿಯ ವರ್ಷ ನೇರಳೆ ಬಣ್ಣದ ಒಂದು ಕೇಜಿ ಕೇಕ್ ಬೇಕು ಅಂದಳು. ಮಾಸ್ಟರ್ ಅವಳನ್ನೂ ಸ್ಟೂಲಿನ ಮೇಲೆ ಕೂರಿಸಿ ಮೂರು ಬಟ್ಟಲು ಕೊಟ್ಟರು. ಅವಳು ಮೂರನ್ನೂ ಖಾಲಿ ಮಾಡಿ ಚಮಚ ನೆಕ್ಕಿದಳು. ಅಂಕಿಯ ಮೇಣದಬತ್ತಿ ಎರಡನ್ನು ಅವರೇ ಡಬ್ಬದಿಂದ ಆರಿಸಿ ಕೊಟ್ಟರು: ಒಂದು, ಏಳು. “ಹಚ್ಚಿದ್ ಮೇಲೆ ಒಂದನ್ನ ಬಿಸಾಕ್ಬ್ಯಾಡಿ ಮೇಡಂ. ಮುಂದಿನ್ ವರ್ಸ ಎಂಟು ತಗಂಡ್ರೆ ಸಾಕು.” ನಾನು ಒಂದರ ಅಂಕಿಯನ್ನು ತೊಳೆದು ಒರೆಸಿ ಅಡುಗೆಮನೆಯ ಡ್ರಾಯರಿನಲ್ಲಿ ಇಟ್ಟೆ.

ಸಂಕ್ರಾಂತಿಗೆ ಊರಿಗೆ ಹೋದಾಗ ಅಣ್ಣ ಸಂಬಂಧದ ಮಾತು ತೆಗೆದ. ಅರಕಲಗೂಡಿನ ಕಡೆಯವರು, ಹೊಗೆಸೊಪ್ಪಿನ ಹೊಲ, ಟ್ರ್ಯಾಕ್ಟರು, ಒಬ್ಬನೇ ಮಗ.

“ಅವಳಿಗಿನ್ನೂ ಹದಿನೆಂಟು ಆಗಿಲ್ಲ ಅಣ್ಣ” ಅಂದೆ.

“ಕಾಲ ಸರಿಯಿಲ್ಲ ಕಣವ್ವ. ಪಕ್ಕದ್ ಬೀದಿ ಹುಡ್ಗಿ ಓಡೋದ್ ಮ್ಯಾಲೆ ನಂಗೆ ನಿದ್ದೆ ಬತ್ತಿಲ್ಲ. ಅವ್ರಾಗೇ ಕೇಳ್ಕಂಡ್ ಬಂದವ್ರೆ. ಒಂದ್ ಆರೇಳ್ ತಿಂಗ್ಳು ಕಮ್ಮಿ ಇದ್ರೆ ಏನ್ ಭೂಮಿ ಬಾಯ್ ಬಿಡ್ತದಾ? ಪರೀಕ್ಸೆ ಮುಗೀಲಿ ಅಂತ ಕಾಯ್ತೀವಿ ಅಂದವ್ರೆ, ಇನ್ನೇನ್ ಬೇಕು?”

ನನ್ನನ್ನು ಓದಿಸಿದ ಅಣ್ಣ. ಅವನ ಮುಂದೆ ನಿಂತಾಗ ನಾನು ಟೀಚರಲ್ಲ, ತಂಗಿ. ಬಾಲ್ಯವಿವಾಹ ಅಪರಾಧ ಅಂತ ಶಾಲೆಯ ಕಾಂಪೌಂಡ್ ಗೋಡೆಯ ಮೇಲೆ ನೀಲಿ ಬಣ್ಣದಲ್ಲಿ ಬರೆಸಿದವಳೂ ನಾನೇ. ಕೆಳಗೆ ಮಕ್ಕಳ ಸಹಾಯವಾಣಿಯ ನಂಬರು. ಅಕ್ಷರ ಸೊಟ್ಟಗಾಯಿತು ಅಂತ ಪೇಂಟರನ್ನು ಬೈದು ಎರಡು ಸಲ ಬರೆಸಿದ್ದೆ. ಅಣ್ಣನ ಮುಂದೆ ತಲೆಯಾಡಿಸಿದೆ. ಆಡಿಸಿದ್ದಷ್ಟೇ ಅಲ್ಲ, ಕೇಕ್ ನನ್ನ ಖರ್ಚು ಅಂದೆ.

ಮಾರ್ಚ್ ಕೊನೆಯ ವಾರ ಸಿಂಚನಳನ್ನು ಕರೆದುಕೊಂಡು ಬೇಕರಿಗೆ ಹೋದೆ. ಏಪ್ರಿಲಿನಲ್ಲಿ ಮದುವೆ, ಚನ್ನರಾಯಪಟ್ಟಣದ ಛತ್ರ. ನನಗೆ ಒಳಗೊಳಗೆ ಒಂದು ಧೈರ್ಯ: ಈ ಹುಡುಗಿ ನೆಲ ನೋಡುವವಳಲ್ಲ, ಮಾಸ್ಟರ್ ಪರೀಕ್ಷೆಯಲ್ಲಿ ಪಾಸಾಗುತ್ತಾಳೆ. ಪಾಸಾದಳು ಕೂಡ. ಸ್ಟೂಲಿನ ಮೇಲೆ ಹತ್ತಿ ಕೂತು ಕಾಲು ಆಡಿಸುತ್ತಾ ಮೂರೂ ಬಟ್ಟಲು ಖಾಲಿ ಮಾಡಿದಳು. “ಅಂಕಲ್, ನನ್ ಬರ್ತ್‌ಡೇದು ತರಾನೇ ನೇರಳೆ. ಆದ್ರೆ ಮೂರಂತಸ್ತು” ಅಂದಳು.

ಮಾಸ್ಟರ್ ಅವಳನ್ನೇ ನೋಡಿದರು. “ಓಗವ್ವ, ಆ ಕಪಾಟಲ್ಲಿ ಗೊಂಬೆ ಅವೆ, ಮೇಲಿಡಾಕೆ ಒಂದ್ ಆರಿಸ್ಕೊ” ಅಂತ ಕಳಿಸಿದರು. ಆಮೇಲೆ ಅಂಕಿಗಳ ಡಬ್ಬ ತೆಗೆದು, ನನ್ನ ಮುಂದೆ ಗಾಜಿನ ಮೇಲೆ ಎರಡು ಮೇಣದಬತ್ತಿ ನಿಲ್ಲಿಸಿದರು. ಒಂದು, ಏಳು.

ಊರಲ್ಲಿ ಎಷ್ಟು ಬೇಕರಿಗಳಿದ್ದವು. ಹುಟ್ಟುಹಬ್ಬದ ಕೇಕ್ ಮಾಡಿಸಿದ ಅಂಗಡಿಗೇ, ಐದು ತಿಂಗಳೊಳಗೆ, ಮದುವೆ ಕೇಕಿಗೂ ಬಂದು ನಿಂತಿದ್ದೆ. ಇಂಥ ಪೆದ್ದತನ ಪಾಠ ಮಾಡುವವರಿಂದ ಮಾತ್ರ ಸಾಧ್ಯ.

“ಐದ್ ತಿಂಗ್ಳಲ್ಲಿ ಏಳು ಎಂಟಾಯ್ತದಾ ಮೇಡಂ?”

“ಅವಳಿಗೆ ಇಷ್ಟ ಇದೆ ಮಾಸ್ಟರೇ. ನೋಡಿ, ಎಷ್ಟು ಖುಷಿಯಾಗಿದಾಳೆ.”

“ನೋಡ್ದೆ” ಅಂದರು. ಡೈರಿ ತೆಗೆದರು. ತೆರೆಯಲಿಲ್ಲ. “ಡೇಟ್ ಖಾಲಿ ಇಲ್ಲ. ಆದ್ರೆ ನೀವು ಅದೇನೋ ನಂಬರ್ ಬರ್ಸಿದ್ದೀರಲ್ಲ ನಿಮ್ ಸ್ಕೂಲ್ ಗ್ವಾಡೆ ಮೇಲೆ. ದಿನಾ ನೋಡ್ತೀನಿ, ಅಕ್ಸರ ದುಂಡುಗದೆ.”

ನಾನು ಸಿಡುಕಿದೆ. ನಮ್ಮ ಮನೆ ವಿಷಯ ನಿಮಗೆ ಬೇಡ ಅಂದೆ. ಇನ್ನೊಂದು ಮಾತನ್ನೂ ಅಂದೆ. ‘ನಿಮ್ಮಂಥವರು’ ಅಂತ ಶುರುವಾಗಿ ಅರ್ಧಕ್ಕೆ ನಿಂತ ಮಾತು. ಅರ್ಧಕ್ಕೆ ನಿಂತರೂ ಅದು ಅವರಿಗೆ ಪೂರ್ತಿ ಕೇಳಿಸಿತು. ಆ ಮಾತಿಗೆ ನಾನು ಇವತ್ತಿಗೂ ನಾಚುತ್ತೇನೆ. ಅವರು ಮೇಣದಬತ್ತಿಗಳನ್ನು ಡಬ್ಬಕ್ಕೆ ಹಾಕಿ, “ಮೂರ್ತಕ್ಕೆ ಮುಂಚೆ ಒಂದ್ ರಾತ್ರಿ ಇರ್ತದೆ ಮೇಡಂ” ಅಂದರು, ಅಷ್ಟೆ.

ಕೇಕನ್ನು ಚನ್ನರಾಯಪಟ್ಟಣದಲ್ಲೇ ಒಂದು ಅಂಗಡಿಯಲ್ಲಿ ಮಾಡಿಸಿದೆ. ಅವರು ಫೋನಿನಲ್ಲೇ ಆರ್ಡರ್ ತೆಗೆದುಕೊಂಡರು. ಹುಡುಗಿ ಬೇಕು ಅನ್ನಲಿಲ್ಲ, ವಯಸ್ಸು ಕೇಳಲಿಲ್ಲ. ಮೂರಂತಸ್ತಿನಲ್ಲಿ ಕೆಳಗಿನ ಎರಡು ಥರ್ಮೋಕೋಲು, ಮೇಲೆ ಕ್ರೀಮು ಬಳಿದದ್ದು. ತಿನ್ನುವುದಕ್ಕೆ ಇದ್ದದ್ದು ತುದಿಯ ಒಂದೇ ತುಂಡು. ಸಿಂಚನಳಿಗೆ ಅದು ಗೊತ್ತಿರಲಿಲ್ಲ. ಆರತಕ್ಷತೆಯ ದಿನ ಎಲ್ಲರ ಮುಂದೆ ಅವಳು ನಡುವಿನ ಅಂತಸ್ತಿಗೇ ಚಾಕು ಇಟ್ಟಳು. ಥರ್ಮೋಕೋಲು ಕಿರ್ ಅಂತ ಕೂಗಿತು. ಎಲ್ಲರೂ ನಕ್ಕರು. ಅವಳೂ ನಕ್ಕಳು. ನನಗೆ ಆ ಸದ್ದು ಹಲ್ಲಿನೊಳಗೆ ಕೂತುಬಿಟ್ಟಿತು.

ಮುಯ್ಯಿ ಕೊಡುವ ಸಾಲಿನಲ್ಲಿ ಮಾಸ್ಟರ್ ನಿಂತಿದ್ದರು. ಕರೆದಿರಲಿಲ್ಲ. ಹಾಸನದಿಂದ ಬಸ್ಸಿನಲ್ಲಿ ಬಂದಿದ್ದರು, ಇಸ್ತ್ರಿ ಮಾಡಿದ ಬಿಳಿ ಅಂಗಿ, ಹುಬ್ಬಿನಲ್ಲಿ ಮೈದಾ ಇರಲಿಲ್ಲ. ಸಿಂಚನಳ ಕೈಗೆ ಒಂದು ಕವರ್ ಕೊಟ್ಟು ಕೆಳಗಿಳಿದು ನನ್ನ ಹತ್ತಿರ ಬಂದರು. ನಾನು ವಾದದಲ್ಲಿ ಗೆದ್ದವಳ ಹಾಗೆ, “ನೋಡಿದ್ರಲ್ಲ ಮಾಸ್ಟರೇ, ಕೈ ನಡುಗಲೇ ಇಲ್ಲ” ಅಂದೆ.

“ಮಗೂಗೆ ಭಯ ಯಾಕಾಯ್ತದೆ ಮೇಡಂ. ಅದು ಕೇಕ್ ಕುಯ್ತಾ ಅದೆ ಅಷ್ಟೆ” ಅಂದರು. ಊಟ ಮಾಡಿಕೊಂಡು ಹೋಗಿ ಅಂದೆ. ಬಸ್ಸು ತಪ್ಪುತ್ತದೆ ಅಂತ ಹೊರಟರು. ಛತ್ರದ ಬಾಗಿಲಲ್ಲಿ ಒಂದು ಸಲ ತಿರುಗಿ ನನ್ನ ಕೈಯಲ್ಲಿದ್ದ ಮೊಬೈಲನ್ನು ನೋಡಿದರು. ನಾನು ಅದನ್ನು ವ್ಯಾನಿಟಿ ಬ್ಯಾಗಿಗೆ ಹಾಕಿ ಜಿಪ್ ಎಳೆದೆ. ಮರುದಿನ ಬೆಳಿಗ್ಗೆ ಮುಹೂರ್ತ ಸರಿಯಾದ ಸಮಯಕ್ಕೆ ಆಯಿತು.

ಜೂನಿನಲ್ಲಿ ಸಿಂಚನ ಬಸುರಿ ಅಂದರು. ದಸರೆಗೆ ನಾನು ಹೋದಾಗ ಮುಖ ಊದಿತ್ತು, ಕಾಲು ಊದಿತ್ತು. ತಲೆ ನೋವು ಅತ್ತೆ ಅಂದಳು. ಬಸುರಿಗೆ ಇದೆಲ್ಲ ಇದ್ದದ್ದೇ ಅಂತ ಆ ಮನೆಯವರು ಅಂದರು, ನಾನೂ ಅಂದೆ. ಹೊರಡುವಾಗ, “ಅತ್ತೆ, ಈ ಸಲಾನೂ ಕೇಕ್ ತತ್ತೀಯಾ?” ಅಂತ ಕೇಳಿದಳು. ತರ್ತೀನಿ ಅಂದೆ. ದೀಪಾವಳಿಯ ಸುಮಾರಿಗೆ ಹಾಸನಾಂಬೆಯ ಗುಡಿಯ ಬಾಗಿಲು ತೆರೆದಿದ್ದ ವಾರ, ಊರೆಲ್ಲ ದೀಪ, ಬೀದಿಬೀದಿಯಲ್ಲಿ ಜನ. ಫಿಟ್ಸ್ ಬಂದಿದೆ ಅಂತ ಅವಳನ್ನು ಹಾಸನದ ಆಸ್ಪತ್ರೆಗೆ ತಂದರು. ವಯಸ್ಸೆಷ್ಟು ಅಂತ ಡಾಕ್ಟರು ಮೂರು ಸಲ ಕೇಳಿದರು. ಅಣ್ಣ ನನ್ನ ಮುಖ ನೋಡಿದ, ನಾನು ಗೋಡೆ ನೋಡಿದೆ. ಎರಡನೆಯ ದಿನ ತಾಯಿ, ಮಗು ಎರಡೂ ಹೋದವು. ಎಂಟು ತೆಗೆದುಕೊಳ್ಳುವುದಕ್ಕೆ ಇನ್ನೂ ಹತ್ತೊಂಬತ್ತು ದಿನ ಇತ್ತು.

ಮಾಸ್ಟರ್ ಆಮೇಲೆ ಮದುವೆ ಕೇಕು ಮಾಡಲಿಲ್ಲ. ಬ್ರೆಡ್ಡು, ಬನ್ನು, ಖಾರ ಅಷ್ಟೆ. ಸ್ಟೂಲನ್ನು ಒಳಗೆ ಎತ್ತಿಟ್ಟರು. ನಾನು ಮೂರು ತಿಂಗಳು ಬೇರೆ ದಾರಿಯಲ್ಲಿ ಓಡಾಡಿದೆ. ಒಂದು ಸಂಜೆ ತಡೆಯಲಾರದೆ ಹೋಗಿ ನಿಂತೆ. ಬೈಯುತ್ತಾರೆ, ಬೈದರೆ ಹಗುರಾದೇನು ಅಂದುಕೊಂಡಿದ್ದೆ. ಅವರು ಬ್ರೆಡ್ ಕಟ್ಟಿ ಕೊಟ್ಟು, ನನ್ನ ಮುಖ ನೋಡದೆ, “ಫೋನು ನನ್ ಅತ್ರನೂ ಇತ್ತು ಮೇಡಂ” ಅಂದರು.

ನಾನು ಪರ್ಸ್ ತೆಗೆದು ಚಿಲ್ಲರೆ ಎಣಿಸಿದೆ.

“ಛತ್ರದಿಂದ ಬಂದು ಬಸ್‌ಸ್ಟಾಂಡಲ್ಲಿ ನಿಂತ್ಕಂಡು ನಂಬರ್ ಒತ್ತಿದ್ದೆ. ಒತ್ತಿ ಕಟ್ ಮಾಡ್ದೆ. ನಾನ್ ಮಾಡಿದ್ರೆ ಜಾತಿ ಜಗಳ ಮಾಡ್ಬುಡ್ತಾರೆ, ಅಂಗಡಿ ಉಳಿಯಲ್ಲ. ನೀವ್ ಮಾಡಿದ್ರೆ ಸೋದರತ್ತೆ ಮಾಡಿದ್ಲು ಅಂತಾರೆ, ಅಷ್ಟೆಯ. ಅಂಗಂತ ನಂಗೆ ನಾನೇ ಸಮಾಧಾನ ಮಾಡ್ಕಂಡೆ.” ಸುಟ್ಟ ಗೆರೆಗಳ ಕೈಯನ್ನು ಗಾಜಿನ ಮೇಲೆ ಚಾಚಿದರು. “ನಡುಗಿದ್ದು ಇದು.”

ಅವರನ್ನು ದೇವರು ಮಾಡುವುದಕ್ಕೆ ನಾನು ಇದನ್ನು ಬರೆಯುತ್ತಿಲ್ಲ. ಇಬ್ಬರ ಹತ್ತಿರವೂ ಫೋನಿತ್ತು. ಅವರು ಅದನ್ನು ಬಾಯಿಬಿಟ್ಟು ಒಪ್ಪಿಕೊಂಡರು, ನಾನು ಒಪ್ಪಿಕೊಳ್ಳಲಿಲ್ಲ. ವ್ಯತ್ಯಾಸ ಇಷ್ಟೆ.

ಇದಾಗಿ ಎರಡು ವರ್ಷ. ಕಳೆದ ಸೋಮವಾರ ಬೆಳಿಗ್ಗೆ ಬನ್ನಿನ ಟ್ರೇ ಎಳೆಯುವಾಗ ಎದೆ ಹಿಡಿದುಕೊಂಡು ಕೂತರಂತೆ, ಏಳಲಿಲ್ಲ. ಮಣ್ಣಿಗೆ ನಾನೂ ಹೋಗಿದ್ದೆ. ಕೊರವಂಗಲದ ಹೊಲದಲ್ಲಿ, ಹೆಚ್ಚು ಜನ ಇರಲಿಲ್ಲ. ಮುಖದ ಮೈದಾ ಒರೆಸಿದ್ದರು. ಹುಬ್ಬಿನಲ್ಲಿ ಸ್ವಲ್ಪ ಉಳಿದಿತ್ತು.

ಶುಕ್ರವಾರ ಸಂಜೆ ಶಾಲೆ ಬಿಟ್ಟು ಆ ಫ್ಲೆಕ್ಸ್ ಮುಂದೆ ನಿಂತಿದ್ದೆ. ಅಣ್ಣನ ಫೋನು ಬಂತು. ಮಳೆ, ಬೆಳೆ, ಮೊಣಕಾಲು ನೋವು, ಎಲ್ಲ ಆದ ಮೇಲೆ ದನಿ ತಗ್ಗಿಸಿದ.

“ರಚನಂಗೆ ಕೂಡಿ ಬಂದದೆ ಕಣವ್ವ.”

ರಚನ ಅವನ ಚಿಕ್ಕ ಮಗಳು. ಹದಿನಾರು ತುಂಬಿದೆ, ಹದಿನೇಳು ತುಂಬಿಲ್ಲ.

“ಎಲ್ಲಿಗೆ?”

“ಹೊಸಬ್ರೇನಲ್ಲ. ನಮ್ ಅಳಿಯಂದ್ರಿಗೇಯ. ಎಷ್ಟ್ ದಿನ ಒಂಟಿ ಇರ್ತಾನೆ ಅವ್ನೂ. ಅಕ್ಕನ್ ಜಾಗಕ್ಕೆ ತಂಗಿ ಓದ್ರೆ ಸಂಬಂಧ ಉಳೀತದೆ. ಹಿರೀರೆಲ್ಲ ಕೂತು ಮಾತಾಡಾಯ್ತು. ದೊಡ್ಡದಾಗ್ ಏನ್ ಮಾಡಾದ್ ಬ್ಯಾಡ, ದೇವಸ್ಥಾನದಾಗೆ ಮುಗ್ಸನ.” ಸ್ವಲ್ಪ ತಡೆದು ನಕ್ಕ, ಪ್ರೀತಿಯ ನಗು. “ಆದ್ರೆ ಆ ಮಗು ಅಟ ಇಡ್ದದೆ, ಕೇಕ್ ಬೇಕಂತೆ. ಅವ್ರಕ್ಕಂದು ತರಾನೇ ನೇರಳೆದು. ನಿಮ್ ಬೀದಿ ಬೇಕರಿಲಿ ಒಂದ್ ಮಾತ್ ಕೇಳ್ ನೋಡವ್ವ.”

ಫ್ಲೆಕ್ಸಿನಲ್ಲಿ ಮಾಸ್ಟರ್ ಕೆಳಗೆ, ಎಡಕ್ಕೆ ನೋಡುತ್ತಿದ್ದರು. ಷಟರಿಗೆ ಬೀಗ ಇತ್ತು. ಇನ್ನು ಮುಂದೆ ಇಲ್ಲಿ ಡೈರಿ ತೆಗೆಯುವವರು ಯಾರೂ ಇಲ್ಲ. ಊರಿನ ಬಾಕಿ ಅಂಗಡಿಗಳಲ್ಲಿ ಫೋನಿನಲ್ಲೇ ಆರ್ಡರ್ ತೆಗೆದುಕೊಳ್ಳುತ್ತಾರೆ, ಬಣ್ಣ ಒಂದನ್ನು ಹೇಳಿದರೆ ಸಾಕು.

“ಡೇಟ್ ಖಾಲಿ ಇಲ್ಲ ಅಣ್ಣ” ಅಂದೆ.

“ಯಾವ್ ಡೇಟು ಅಂತ ನಾನಿನ್ನೂ ಅನ್ನೇ ಇಲ್ವಲ್ಲವ್ವ.”

“ಅನ್ನಬೇಡ. ಯಾವುದೂ ಖಾಲಿ ಇಲ್ಲ.”

ಫೋನಿಟ್ಟು ಶಾಲೆಯವರೆಗೆ ವಾಪಸ್ ನಡೆದೆ. ನಂಬರು ನನಗೆ ಬಾಯಿಪಾಠ, ಆದರೂ ಗೋಡೆಯ ಮುಂದೆ ನಿಂತು ಒಂದೊಂದೇ ಅಂಕಿ ನೋಡಿ ಒತ್ತಿದೆ. ಕೈ ನಡುಗುತ್ತಿತ್ತು. ಆ ಕಡೆಯ ಹೆಣ್ಣುಮಗಳು ಊರು ಕೇಳಿದಳು, ಹುಡುಗಿಯ ಹೆಸರು ಕೇಳಿದಳು, ನಿಮ್ಮ ಹೆಸರು ಹೇಳಬೇಕೆಂದಿಲ್ಲ ಅಂದಳು. ಹೇಳಿದೆ. ಹುಡುಗಿಗೆ ನೀವು ಏನಾಗಬೇಕು ಅಂದಳು. ಸೋದರತ್ತೆ ಅಂದೆ.

ಇವತ್ತು ಭಾನುವಾರ. ಅಧಿಕಾರಿಗಳು ನಿನ್ನೆ ಊರಿಗೆ ಹೋಗಿ ಬಂದರಂತೆ, ಹದಿನೆಂಟು ತುಂಬುವ ತನಕ ಮದುವೆ ಮಾಡುವುದಿಲ್ಲ ಅಂತ ಅಣ್ಣನ ಕೈಯಲ್ಲಿ ಬರೆಸಿಕೊಂಡರಂತೆ. ಬೆಳಿಗ್ಗೆಯಿಂದ ಅವನ ಫೋನು ಹನ್ನೊಂದು ಸಲ ಬಂದಿದೆ. ಕೊನೆಗೆ ಅತ್ತಿಗೆ ಮೆಸೇಜು ಹಾಕಿದ್ದಾರೆ: ನಿಮ್ಮಣ್ಣ ನಾಳೆ ಹಾಸನಕ್ಕೆ ಬರ್ತಾರೆ, ಜೊತೆಗೆ ಅಳಿಯಂದಿರ ಕಡೆಯವರೂ ಬರ್ತಾರೆ, ಮನೆಯಲ್ಲೇ ಇರಿ.

ಇರುತ್ತೇನೆ.